ತೇಪೆಗೆಂದು ಎತ್ತಿಟ್ಟದ್ದು

ಕೌಲ್ ಬಜಾರಿನ ಹಿಂದೆ, ತಗಡಿನ ಮಾಡಿನ ಕೆಳಗೆ
ಹನ್ನೊಂದು ಮಿಷನ್ನು, ನನ್ನದೊಂದು ಕತ್ತರಿಸುವ ಮೇಜು.
ಬಳ್ಳಾರಿಯ ಬಿಸಿಲಿಗೆ ಡೆನಿಮ್ಮೂ ಬೆವರುತ್ತದೆ.
ಉಗುರಿನಂಚು ಇಪ್ಪತ್ತಾರು ವರ್ಷದಿಂದ ನೀಲಿ;
ಕಲಸಿದ ಅನ್ನಕ್ಕೆ ಹತ್ತುವುದಿಲ್ಲ, ಅಷ್ಟೇ ಸಮಾಧಾನ.

ಒಂದು ಪ್ಯಾಂಟಿಗೆ ಎಷ್ಟು ಕೊಡ ನೀರು ಮಾವ
ಅಂತ ಕೇಳಿದವಳು ವಾಷಿಂಗ್ ಯೂನಿಟ್ಟಿನ ಹುಲಿಗೆವ್ವ.
ಲೆಕ್ಕ ಅವಳಿಗೇ ಗೊತ್ತು,
ನನ್ನ ಬಾಯಿಂದ ಬರಲೆಂದು ಕೇಳಿದ್ದು.
ಅವಳ ಓಣಿಗೆ ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ.

ಮೊದಲು ಸೊಂಟದೊಳಗೆ ಚೀಟಿ ಹೊಲಿದೆವು:
ಕಡಿಮೆ ಒಗೆಯಿರಿ, ಬಹಳ ದಿನ ತೊಡಿರಿ.
ಚುಚ್ಚುತ್ತದೆಂದು ಕತ್ತರಿಸಿ ಒಗೆದರು.
ನನ್ನ ಮಗನೇ ಕತ್ತರಿಸಿದ,
ನನ್ನದೇ ಕತ್ತರಿಯಲ್ಲಿ.

ಆಮೇಲೆ ಒಂದು ಪೊಟ್ಟಣ: ಗುಂಡಿ, ದಾರ,
ಅಂಗೈಯಗಲ ಅದೇ ಬಟ್ಟೆ.
ಹೊಸ ಬೂಟಿನ ಡಬ್ಬಿಯಲ್ಲಿರುತ್ತದಲ್ಲ, ತಿನ್ನಬೇಡಿ ಅನ್ನುವ ಪುಡಿ,
ಅದೆಂದುಕೊಂಡು ಎಸೆದರು.

"ನಂಗೆ ಓದಾಕ ಬರಲ್ಲ," ಅಂದಳು ಹುಲಿಗೆವ್ವ,
"ಎಲಿ ಅಡಿಕಿ ಚೀಲ ಮಾತ್ರ ಕತ್ತಲಾಗೂ ಸಿಗ್ತೈತಿ."

ಆ ರಾತ್ರಿ ಮಲಗಲಿಲ್ಲ.
ಮೇಜಿನ ಕೆಳಗೆ ಬಾಯ್ಲರಿಗೆ ಹೋಗಲಿದ್ದ ಚೂರುಗಳ ಗುಡ್ಡೆ.
ಒಂದೊಂದನ್ನೇ ಆರಿಸಿ
ಜೇಬಿನೊಳಗೆ, ಫೋನು ಇಳಿಯುವ ಕಡೆ
ಸಡಿಲ ಟಾಕಿ ಹಾಕಿ ನಿಲ್ಲಿಸಿದೆ.
ಸುಮ್ಮನಿದ್ದರೆ ಫೋನಿಗೆ ಮೆತ್ತೆ.
ದಾರ ಎಳೆದರೆ ಕೈಗೇ ಬರುವ ತೇಪೆ.
ಕಾಲಿನ ಮಡಿಕೆಯಲ್ಲೂ ನಾಲ್ಕು ಬೆರಳು ಹೆಚ್ಚು ಬಿಟ್ಟೆ,
ಬೆಳೆಯುವ ಹುಡುಗರು ಬೆಳೆಯಲಿ.

ಸೇಠ್ ಜೇಬಿಗೆ ಕೈ ಹಾಕಿ ನೋಡಿ ನಕ್ಕರು.
"ಶೇಕ್ಷಾವಲಿ, ಹರಿದರಲ್ಲವೇನಪ್ಪ
ಇನ್ನೊಂದು ತಗೊಳ್ಳೋದು? ನೀ ಯಾರ ಕಡೆ?"
ಉತ್ತರ ಹೊಳೆಯಲಿಲ್ಲ. ಅಳತೆ ಟೇಪು ಸುತ್ತುತ್ತಾ ನಿಂತೆ.
ಕಡೆಗೆ, ಮುನ್ನೂರು ಮಾಡು, ಅಂದರು, ಮುನ್ನೂರೇ.

ಮೊನ್ನೆ ಮೋತಿ ಸರ್ಕಲ್ಲಿನಲ್ಲಿ
ಅದಿರು ಲಾರಿಯ ಟೈರಿಗೆ ಒರಗಿ ಕೂತಿದ್ದ ಒಬ್ಬ ಕ್ಲೀನರು.
ಅವನ ಎಡ ಮಂಡಿಯ ಮೇಲೆ ನನ್ನ ಚೂರು!
ಸುತ್ತ ಮಾಸಿದ ನೀಲಿ, ನಡುವೆ ಹೊಸ ನೀಲಿ,
ಕೆಂಪು ದಾರ, ಸೊಟ್ಟ ಹೊಲಿಗೆ.
ನಮ್ಮ ಯೂನಿಟ್ಟಿನಲ್ಲಾಗಿದ್ದರೆ
ಆ ಹೊಲಿಗೆಗೆ ನಾನೇ ಬೈಯುತ್ತಿದ್ದೆ.

ಯಾರು ಹಾಕಿದ್ದು ಅಂದೆ.
"ನಾನೇ. ಯಾಕ್ರಿ?"

ಉಳಿದ ಇನ್ನೂರ ತೊಂಬತ್ತೊಂಬತ್ತು ಎಲ್ಲಿವೆಯೋ,
ಯಾರ ಜೇಬಿನಲ್ಲಿ ಫೋನಿನ ಕೆಳಗೆ ಸುಮ್ಮನಿವೆಯೋ.

ಏನಿಲ್ಲಪ್ಪ, ಅಂದೆ. ಚಾ ಕುಡಿತೀಯಾ?