ದೂರದ ಬಾಡಿಗೆ

ಪಣಂಬೂರು ಗೇಟಿನ ಹೊರಗೆ ಬೆಳಿಗ್ಗೆ ಒಂಬತ್ತಕ್ಕೆ
ಕೈ ಅಡ್ಡ ಹಿಡಿದು ನಿಲ್ಲಿಸಿದ.
ಅಂಗಿಗೆ ಡೀಸೆಲ್ ವಾಸನೆ, ಕಾಲಿಗೆ ಹೊಸ ಹವಾಯಿ ಚಪ್ಪಲಿ,
ನೆಲ ಇನ್ನೂ ತೂಗುತ್ತಿದೆ ಎಂಬ ಹಾಗೆ
ಹೆಜ್ಜೆ ಅಗಲಿಸಿ ಇಡುತ್ತಾನೆ.
ಎಲ್ಲಿಗೆ ಅಂದೆ. ಹಳೇ ಪೋರ್ಟು ಅಂದ.
ಹೊಸ ಬಂದರಿನಿಂದ ಹಳೇ ಬಂದರಿಗೆ ಬಾಡಿಗೆ ಕೇಳಿದವರನ್ನು
ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡದ್ದಿಲ್ಲ.
ಹಡಗಿನವರಿಗೆ ಮಾಲ್ ಬೇಕು, ಇಲ್ಲವೇ ಬಾರು.

ಕೂಳೂರು ಸಂಕದ ಮೇಲೆ ಬ್ಲಾಕು.
ಹೆಸರು ಎಫ್ರೈನ್ ಅಂತೆ. ಊರು ವೆರಾಕ್ರೂಜ್, ಮೆಕ್ಸಿಕೋ.
ಇದಿನಬ್ಬ, ಅಂದೆ ನಾನು, ಎದೆ ಮುಟ್ಟಿಕೊಂಡು.
ಅವನ ಬಾಯಲ್ಲಿ ಅದು ಮೂರು ಸಲ ಮಗುಚಿ ಬಿತ್ತು.
ಕ್ರೂಜ್ ಅಂದರೆಂತ ಎಂದು ಕೇಳಿದ್ದಕ್ಕೆ
ಕನ್ನಡಿಯಲ್ಲಿ ಕಾಣುವ ಹಾಗೆ
ಎರಡು ಬೆರಳು ಅಡ್ಡ ಇಟ್ಟು ತೋರಿಸಿದ.
ಓ, ಖುರಿಸು! ನಮ್ಮ ಬಾಜೂಮನೆಯ ಸೆವ್ರಿನ್ ಬಾಯಿ
ಹಿಟ್ಟು ನಾದಿ ಅದರ ಮೇಲೆ ಗೀರುವುದು ಅದನ್ನೇ.

ಬಂದರಿನ ಓಣಿಗೆ ರಿಕ್ಷಾ ನುಗ್ಗಿಸಿ
ಇದು ಮಸೀದಿ, ಅದು ದಕ್ಕೆ, ಅದು ಹಂಚಿನ ಗೋದಾಮು ಎಂದು
ಇದ್ದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದೆ.
ಅರಬರು ಬಂದರು, ಪೋರ್ಚುಗೀಸರು ಬಂದರು
ಎಂದು ಶುರು ಮಾಡುವಷ್ಟರಲ್ಲಿ ಕೈ ಆಡಿಸಿದ.
ಅವನ ಊರಿಗೂ ಬಂದಿದ್ದರಂತೆ. ಬಂದವರ ಕಥೆ ಸಾಕು.
ಅವನು ನೋಡಿದ್ದು ಮಂಜಿಗೆ ಏರುತ್ತಿದ್ದ ಈರುಳ್ಳಿ, ಸಿಮೆಂಟು,
ಲಕ್ಷದ್ವೀಪದ ಯಾರದೋ ಮನೆಗೆ ಹೊರಟ
ಎರಡು ಕಿಟಕಿಯ ದಾರಂದ,
ಹಲಗೆಯ ಮೇಲೆ ಕಾಲೂರಿ ಒಲ್ಲೆ ಎನ್ನುವ ಒಂದು ಆಡು.
ಹೊರುವವ ಗಟ್ಟಿಯಾಗಿ ಮೂಟೆ ಎಣಿಸುತ್ತಿದ್ದ,
ಇವನು ತುಟಿಯಲ್ಲೇ, ತನ್ನ ಭಾಷೆಯಲ್ಲಿ.
ಮೂವತ್ತೆಂಟಕ್ಕೆ ಇಬ್ಬರೂ ಒಟ್ಟಿಗೆ ನಿಲ್ಲಿಸಿದರು.

ಆಮೇಲೆ ಮೆಣಸಿನ ಮಂಡಿ.
ಒಂದು ಸೀನು, ಎರಡು ಸೀನು, ಕಣ್ಣಲ್ಲಿ ನೀರು,
ಗೋಣಿಗೆ ಮುಖ ಹಾಕಿ ನಗುತ್ತಾನೆ: ಚೀಲೆ, ಚೀಲೆ!
ನಮ್ಮದು ಇದು, ನಮ್ಮ ಊರಿನದು.
ಎಂತ ಮಾರಾಯ, ಬ್ಯಾಡಗಿಯದ್ದು, ಎಂದೆ.
ಅಲ್ಲ. ನಮ್ಮದು.
ಮಂಡಿಯ ಪುತ್ತಬ್ಬ ಹಾಜಿ ಕನ್ನಡಕದ ಮೇಲಿಂದ ನೋಡಿ
ಅವ ಹೇಳುವುದು ಸರಿ ಉಂಟು, ಅಂದರು,
ಮೆಣಸು ಬಂದದ್ದು ಆಚೆಯಿಂದಲೇ, ಹಡಗಿನಲ್ಲಿ.
ನನಗೆ ಸಿಟ್ಟು ಬಂತು.
ಕೋರಿರೊಟ್ಟಿಗೆ ಉಮ್ಮ ಅರೆದದ್ದು,
ನಾವು ನೀರು ಕುಡಿದು ಕುಡಿದು ಉಂಡದ್ದು
ಇವನ ಊರಿನದೇ ಅಂತಾದರೆ
ಇಷ್ಟು ವರ್ಷ ಮೂಗು ಸುರಿಸಿದ ಬಾಬ್ತು
ಯಾರ ಹತ್ತಿರ ವಸೂಲು ಮಾಡುವುದು?
ಕಾಲು ಕಿಲೋ ಕಟ್ಟಿಸಿಕೊಂಡ. ಮೆಣಸಿನ ಊರಿನವನೆಂದು
ಹಾಜಿ ಒಂದು ರೂಪಾಯಿಯೂ ಬಿಡಲಿಲ್ಲ.

ಇನ್ನೆಲ್ಲಿಗೆ? ಬೀಚಿಗೆ.
ತಣ್ಣೀರುಬಾವಿಯ ಗಾಳಿಮರದ ಕೆಳಗೆ ನಿಲ್ಲಿಸಿದೆ.
ಒಳಗೊಳಗೆ ನಗೆ ನನಗೆ: ನಲವತ್ತೊಂದು ದಿನ
ನೀರ ಮೇಲೆ ಇದ್ದು ಬಂದವನಿಗೆ ಮತ್ತೆ ನೀರೇ ಬೇಕಾ?
ಬೇಕಿರಲಿಲ್ಲ. ಕಡಲಿಗೆ ಬೆನ್ನು ಹಾಕಿ,
ಮೆಣಸಿನ ಪೊಟ್ಟಣ ಕಂಕುಳಲ್ಲಿ ಸಿಕ್ಕಿಸಿಕೊಂಡು,
ಮರಳಿಗೆ ಕೆನ್ನೆಯೊತ್ತಿ
ಅಲುಗದ ನೆಲದ ಮೇಲೆ ಮಲಗಿಬಿಟ್ಟ.

ಕಾಯುವುದಕ್ಕೆ ಮೀಟರು ಉಂಟು. ಅದು ಓಡುತ್ತಿತ್ತು.
ನಾನು ಟಯರಿಗೆ ಒರಗಿ ಕೂತೆ.
ಬೇರೆ ಕೆಲಸ ಇರಲಿಲ್ಲ,
ಕಡಲು ನೋಡಿದೆ.

ಬೆಂಗ್ರೆಯಲ್ಲಿ ಹುಟ್ಟಿದವ ನಾನು. ಕಡಲೆಂದರೆ
ಹಿತ್ತಿಲಿನ ಗದ್ದಲ, ಉಪ್ಪು ತಿಂದ ಬೀಗ,
ಅಣ್ಣನ ದೋಣಿ ಬಾರದೆ ಹೋದ ಒಂದು ಜೂನ್ ತಿಂಗಳು,
ಆಮೇಲೆ ಈ ಮೂರು ಚಕ್ರ.
ಸಾವಿರ ಜನರನ್ನು ತಂದು ಇಲ್ಲಿ ಇಳಿಸಿದ್ದೇನೆ,
ಪ್ರತಿ ಸಲವೂ ರಿಕ್ಷಾದ ಮುಖ
ರಸ್ತೆಗೆ ತಿರುಗಿಸಿಯೇ ನಿಲ್ಲಿಸುತ್ತಿದ್ದೆ.

ಆಚೆ ಲಂಗರು ಹಾಕಿದ ನಾಲ್ಕು ಹಡಗು
ಸ್ಟ್ಯಾಂಡಿನಲ್ಲಿ ನಿಂತವರ ಹಾಗೆ ಪಾಳಿ ಕಾಯುತ್ತಿದ್ದವು.
ಅಲೆ ಬಂತು. ಹೋಯಿತು.
ಏನೂ ತರಲಿಲ್ಲ, ಏನೂ ಒಯ್ಯಲಿಲ್ಲ.
ನಡುವೆ ಯಾವಾಗಲೋ ಎದ್ದು ಹೋಗಿ ಮೀಟರು ನಿಲ್ಲಿಸಿದೆ.

ಗೇಟಿನಲ್ಲಿ ಇಳಿದ. ಅರ್ಧ ಕೆನ್ನೆಗೆ ಮರಳು.
ಮೀಟರು ನೋಡಿದ, ನನ್ನನ್ನು ನೋಡಿದ.
ಹಾಳಾಗಿದೆ, ಅಂದೆ.

ರಾತ್ರಿ ಹಿಂದಿನ ಸೀಟು ಗುಡಿಸುವಾಗ
ಒಂದು ಹಿಡಿ ಮರಳು, ಒಂದು ಮೆಣಸು.
ತೊಟ್ಟು ಹಿಡಿದು ದೀಪಕ್ಕೆ ಎತ್ತಿ ನೋಡಿದೆ.
ಅವನದ್ದೋ, ಬ್ಯಾಡಗಿಯದ್ದೋ,
ಸೀನು ಬಂದದ್ದು ಮಾತ್ರ ನನಗೆ.