ಏಳನೆಯ ಪೆಟ್ಟು

ವಾದಿ ಕಬೀರ್‌ನ ಟೈಲ್ಸ್ ಗೋದಾಮು, ಅದರ ಮೇಲಿನ ಮಹಡಿ.
ಜುಲೈ. ಮೂರು ವಾರದ ಶಿಬಿರ.
ಒಂಬತ್ತಕ್ಕೆ ಇಳಿಸುತ್ತೇನೆ ಹನ್ನೊಂದು ಮಕ್ಕಳನ್ನು,
ಏಳು ಗಿಟಾರುಗಳನ್ನು.
ಉಳಿದ ನಾಲ್ವರ ಕೈಯಲ್ಲಿ ಎರಡೆರಡು ಕೋಲು, ಅಷ್ಟೇ.
ಡ್ರಮ್ಮು ಮೇಲೆಯೇ ಇದೆಯಂತೆ. ಪುಣ್ಯ.

ಸೀಟ್ ಬೆಲ್ಟ್ ತಾವು ಹಾಕಿಕೊಳ್ಳುವುದಿಲ್ಲ,
ಗಿಟಾರಿಗೆ ಹಾಕುತ್ತಾರೆ.

ಹೊರಗೆ ನಲವತ್ತೇಳು, ಒಳಗೆ ಹತ್ತೊಂಬತ್ತು.
ಒಮ್ಮೆಲೇ ಒಳಗೆ ಹೋದರೆ ತಂತಿ ಹೆದರುತ್ತದಂತೆ.
ಕಾಲು ಗಂಟೆ ಗೋಡೆಗೆ ಒರಗಿಸಿಡಿ, ಮುಟ್ಟಬೇಡಿ,
ಕೋಣೆಯ ಪರಿಚಯವಾಗಲಿ ಎಂದರಂತೆ ರೊಮೆಲ್ ಮೇಷ್ಟ್ರು.
ನಾನು ಬಂದಾಗ ಯಾರೂ ಹಾಗೆ ಹೇಳಲಿಲ್ಲ.
ಬೆಳಿಗ್ಗೆ ವಿಮಾನ ಇಳಿದೆ,
ಮಧ್ಯಾಹ್ನ ಕೈಯಲ್ಲಿ ಸ್ಟಿಯರಿಂಗ್.

ಒಂದು ಗಂಟೆಯವರೆಗೆ ಕೆಳಗೆ ಕಾಯಬೇಕು.
ಇಂಜಿನ್ ಓಡಿಸಿಟ್ಟರೆ ಅರ್ಬಾಬ್ ಪೆಟ್ರೋಲ್ ಚೀಟಿ ಕೇಳುತ್ತಾನೆ,
ನಿಲ್ಲಿಸಿದರೆ ವ್ಯಾನು ರೊಟ್ಟಿಯ ಒಲೆ.
ಹಿಂದಿನ ಮೆಟ್ಟಿಲ ನೆರಳಲ್ಲಿ ರಟ್ಟು ಹಾಸಿ
ಗೋಡೆಗೆ ಬೆನ್ನು ಕೊಡುತ್ತೇನೆ.

ಈ ಗೋಡೆ ಎಲ್ಲರನ್ನೂ ದಾಟಿಸುವುದಿಲ್ಲ.
ಗಿಟಾರಿಗೆ ವೀಸಾ ಇಲ್ಲ, ಹಾಡುವ ಹುಡುಗನಿಗೂ ಇಲ್ಲ.
ಕಾಲಲ್ಲಿ ಒದೆಯುವ ಆ ದೊಡ್ಡ ಡ್ರಮ್ಮು ಮಾತ್ರ
ಇಟ್ಟಿಗೆಯೊಳಗಿಂದ ಇಳಿದು ಬರುತ್ತದೆ,
ಕಿವಿಗಲ್ಲ, ಬೆನ್ನಿಗೆ:
ದುಂ. ದುಂ ದುಂ. ಖಾಲಿ. ದುಂ.

ಮೊದಲ ವಾರ ಯಾರೋ ಕಪಾಟು ಹೊತ್ತು
ಮೆಟ್ಟಿಲಿಳಿಯುತ್ತಿದ್ದ ಹಾಗಿತ್ತು.
ಎರಡನೆಯ ವಾರ ಕಪಾಟು ತಾನೇ ನಡೆಯಿತು.
ಅದು ಮೆಲಿಶಾಳ ಕಾಲು. ನನಗೆ ಗೊತ್ತು.
ದಿನವೂ ನನ್ನ ಸೀಟಿನ ಬೆನ್ನಿಗೆ ಒದೆಯುವುದು ಅದೇ.
ರೂವಿಯ ಫ್ಲಾಟಿನಲ್ಲಿ, ರಾತ್ರಿ ಪಾಳಿ ಮುಗಿಸಿದ ಅಮ್ಮ
ಮಲಗಿರುವ ಹೊತ್ತಲ್ಲಿ,
ಎರಡು ವರ್ಷ ತಲೆದಿಂಬು ಬಾರಿಸಿದವಳು.
ಏಳನೆಯ ಪೆಟ್ಟು ಬಂದಾಗಲೆಲ್ಲ ಅವಳು
ಕೂದಲೆಳೆಯಷ್ಟು ತಡ.

ಆ ಖಾಲಿ ಜಾಗಗಳಲ್ಲಿ ನಾನು ಸುಮ್ಮನೆ ತುಂಬತೊಡಗಿದೆ.
ದಾರ್ಸೈತ್, ಹಮ್ರಿಯಾ, ಮತ್ರಾ, ಮೀನಿನ ಮಾರ್ಕೆಟ್ಟು.
ಫ್ಯಾನು ಕಿರುಗುಟ್ಟುತ್ತಿದೆ, ಹೊಸದು ತೆಗೆಯಲಾ
ಎಂಬ ಹೆಂಡತಿಯ ವಾಯ್ಸ್ ಮೆಸೇಜು.
ಅದಕ್ಕೊಂದು ಧಾಟಿಯೂ ಬಂತು,
ಎಲ್ಲಿಂದ ಎಂದು ಕೇಳಬೇಡಿ.
ಏಳನೆಯದರ ಮುಂದೆ ಉಸಿರು ಹಿಡಿದು
ಕೊಂಚ ಕಾಯಬೇಕು, ನಂತರವೇ ಮುಂದಿನ ಸಾಲು.

ಹನ್ನೆರಡೂವರೆಗೆ ಎದುರಿನ ರಸ್ತೆ ಕೆಲಸ ನಿಲ್ಲುತ್ತದೆ,
ಬಿಸಿಲಿನ ಕಾನೂನು.
ಕಿತ್ತಳೆ ಅಂಗಿಯವನೊಬ್ಬ ನನ್ನ ರಟ್ಟಿನ ಅಂಚಿಗೆ ಬಂದು
ಮುಖಕ್ಕೆ ಟವೆಲ್ ಎಳೆದುಕೊಂಡ.
ನಿದ್ದೆ ಬಂತೆಂದುಕೊಂಡೆ.
ಗೋಡೆಗೆ ಒತ್ತಿದ್ದ ಅವನ ಹೆಬ್ಬೆರಳು
ದುಂ ಎಂದಾಗ ಅಲುಗಿತು.
ನೊಣ ಇದ್ದಿರಬಹುದು.

ಕೊನೆಯ ದಿನ ಪ್ಲಾಸ್ಟಿಕ್ ಕುರ್ಚಿ, ಸಮೋಸ, ಅಪ್ಪ ಅಮ್ಮಂದಿರು.
ಮೋನು ಅಂಕಲ್, ನೀವೂ ಬನ್ನಿ ಎಂದು ಎಳೆದೊಯ್ದರು.
ಹಾಡಿನಲ್ಲಿ ಮಳೆ ಇತ್ತಂತೆ, ಕಿಟಕಿ ಇತ್ತಂತೆ,
ಯಾರೋ ಯಾರನ್ನೋ ಬಿಟ್ಟು ಹೋಗಿದ್ದರಂತೆ.
ಮಸ್ಕತ್ತಿನ ಜುಲೈಯಲ್ಲಿ ಮಳೆ!
ಏಳು ಗಿಟಾರು ಒಟ್ಟಿಗೆ ಎದ್ದವು,
ಹದವಾಗಿ, ಚಂದವಾಗಿ,
ನನ್ನ ದುಂ ಎಲ್ಲಿ ಹೋಯಿತೋ ಸಿಗಲಿಲ್ಲ.

ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದೆ.
ಸಿಕ್ಕಿತು.
ಒಳಗೊಳಗೇ ನನ್ನದನ್ನೂ ಹಿಡಿದುಕೊಂಡೆ,
ದಾರ್ಸೈತ್, ಹಮ್ರಿಯಾ, ಫ್ಯಾನು.
ಏಳು ಬಂತು. ಉಸಿರು ಹಿಡಿದು ನಿಂತೆ.
ಅವಳು ನಿಲ್ಲಲಿಲ್ಲ.
ಸರಿಯಾಗಿ, ಆ ಕ್ಷಣಕ್ಕೇ, ನೆಟ್ಟಗೆ ಬಿತ್ತು ಪೆಟ್ಟು,
ನಾನು ಒಬ್ಬನೇ ಎಡವಿದೆ.
ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ,
ಜೋರಾಗಿಯೇ.

ವಾಪಸು ಬರುವಾಗ ವ್ಯಾನಿನಲ್ಲಿ ಮಾತಿಲ್ಲ.
ಗಿಟಾರುಗಳು ಬೆಲ್ಟು ಹಾಕಿ ಕೂತಿವೆ,
ಮೆಲಿಶಾ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ,
ನನ್ನ ಸೀಟಿನ ಬೆನ್ನು ಸುಮ್ಮನಿದೆ.
ಹಮ್ರಿಯಾದ ಸಿಗ್ನಲ್ಲು ಕೆಂಪು.
ಇಂಡಿಕೇಟರ್ ಟಿಕ್ ಟಿಕ್ ಎಣಿಸುತ್ತಿದೆ.
ಏಳನೆಯದನ್ನು ಬಿಟ್ಟು,
ಒಂದು ಕೂದಲೆಳೆ ಕಾದು,
ಕ್ಲಚ್ಚು ಒತ್ತಿದೆ.