ಒಂಬತ್ತನೇ ಕುರ್ಚಿ ದುರಸ್ತಿಯಲ್ಲಿದೆ

ಮಂಡ್ಯದ ನೂರಡಿ ರಸ್ತೆಯಲ್ಲಿ, ಪಂಪ್‌ಸೆಟ್ ಅಂಗಡಿಯ ನೆತ್ತಿಯ ಮೇಲೆ,
ಮೂರನೇ ಮಹಡಿಯಲ್ಲಿ ನಮ್ಮ ಆಫೀಸು.
ನಮ್ಮದೆಂದರೆ ಯಾರದೂ ಅಲ್ಲ:
ಗಂಟೆಗೆ ನಲವತ್ತು, ದಿನಕ್ಕೆ ಇನ್ನೂರೈವತ್ತು,
ತಿಂಗಳಿಗೆ ಕಟ್ಟಿದರೆ ಲಾಕರಿನ ಬೀಗದ ಕೈ, ಎರಡು ಹೊತ್ತು ಕಾಫಿ.

ಮೊದಲು ಉದ್ದನೆಯ ರಟ್ಟಿನ ಪುಸ್ತಕವಿತ್ತು.
ಯಾರು ಬಂದರು, ಯಾರ ಬಾಕಿ ಎಷ್ಟು, ಯಾರಿಗೆ ಫ್ಯಾನಿನ ಕೆಳಗೆ ಆಗದು,
ಎಲ್ಲ ನನ್ನ ಕೈಬರಹ, ಅಂಚಿನಲ್ಲಿ ಲೋಟದ ಉಂಗುರ.
ಯುಗಾದಿ ಕಳೆದ ಮೇಲೆ ಸಾಫ್ಟ್‌ವೇರ್ ಬಂತು.
ಈಗ ಇಪ್ಪತ್ತನಾಲ್ಕು ಕುರ್ಚಿ, ಪರದೆಯಲ್ಲಿ ಇಪ್ಪತ್ತನಾಲ್ಕು ಚೌಕ.
ಹಸಿರೆಂದರೆ ಖಾಲಿ, ಕೆಂಪೆಂದರೆ ಕೂತಿದ್ದಾರೆ,
ಹಳದಿಯೆಂದರೆ ಬರುತ್ತೇನೆಂದವರು ಇನ್ನೂ ಬಂದಿಲ್ಲ.
ಹದಿನೈದು ನಿಮಿಷ ಕಾಯುತ್ತದೆ. ಆಮೇಲೆ ಜಾಗ ಬೇರೆಯವರಿಗೆ,
ಟವಲು ಹಾಸಿ ಹಿಡಿದ ಸೀಟನ್ನು ಒಪ್ಪದ ಕಂಡಕ್ಟರಿನ ಹಾಗೆ.

ಒಳ್ಳೆಯದೇ ಅದು, ಸುಳ್ಳು ಹೇಳಬಾರದು.
ಜಿಎಸ್‌ಟಿ ಬಿಲ್ಲು ತಾನೇ ಹಾಕುತ್ತದೆ.
ಬಿತ್ತನೆ ಬೀಜದ ಏಜೆಂಟ್ ಹೊನ್ನಗಿರಿ ಬಾಕಿ ಉಳಿಸಿದರೆ
ನಾನು ಮುಖ ಕೆಡಿಸಿಕೊಳ್ಳಬೇಕಿಲ್ಲ, ಬಾಗಿಲೇ ಅವನಿಗೆ ತೆರೆಯುವುದಿಲ್ಲ.
ಆತ ಹೊರಗೆ ನಿಂತು ಗಾಜು ತಟ್ಟುತ್ತಾನೆ.
ನಾನೇ ಎದ್ದು ತೆರೆಯುತ್ತೇನೆ. ಅದು ಬೇರೆ ಮಾತು.

ಕಿಟಕಿ ಪಕ್ಕದ ಒಂಬತ್ತು ಆಯಿಷಾಳದು.
ಕೊರಿಯಾದ ಧಾರಾವಾಹಿಗಳಿಗೆ ಕನ್ನಡದ ಸಬ್‌ಟೈಟಲ್ ಬರೆಯುತ್ತಾಳೆ.
ಹೆಡ್‌ಫೋನ್ ಸರಿಸಿ ಕೇಳುತ್ತಾಳೆ:
“ಅಕ್ಕ, ರಾಜಕುಮಾರನಿಗೆ ಸಿಟ್ಟು ಬಂದದೆ, ಬೈಯೋದು ಹೆಂಗೆ?”
“ಯಾರಿಗೆ?”
“ಮಂತ್ರಿಗೆ.”
“ವಯಸ್ಸಾದವನಾ?”
ಹೀಗೆ ನಾವಿಬ್ಬರೂ ಸೇರಿ
ಯಾವುದೋ ಅರಮನೆಗೆ ಮದ್ದೂರಿನ ಬಾಯಿ ಕೊಟ್ಟೆವು.

ಆಷಾಢದ ಒಂದು ಸೋಮವಾರ ಒಂಬತ್ತು ಹಳದಿಯಾಗಿಯೇ ಇತ್ತು.
ಹದಿನೈದು ನಿಮಿಷ. ಹಸಿರು.
ಮಧ್ಯಾಹ್ನ ಅವಳಣ್ಣನ ಫೋನು:
ಗುತ್ತಲು ರಸ್ತೆಯ ತಿರುವು, ಲಾರಿಯಿಂದ ಬಿದ್ದ ಕಬ್ಬಿನ ಜಲ್ಲೆ, ಸ್ಕೂಟರು,
ಮೊಣಕಾಲ ಕೆಳಗೆ ಮೂಳೆ ಎರಡು ತುಂಡು.
ಎರಡು ತಿಂಗಳಂತೆ.

ಆ ಕಿಟಕಿಗೆ ಆರು ಜನ ಕಾಯುತ್ತಿದ್ದರು.
ಹುಡುಕಿದೆ: ಕಾಯ್ದಿರಿಸಿ, ರದ್ದುಮಾಡಿ, ನವೀಕರಿಸಿ, ವರ್ಗಾಯಿಸಿ.
‘ಬರುತ್ತಾಳೆ, ಇರಲಿ ಬಿಡು’ ಅನ್ನುವ ಗುಂಡಿ ಎಲ್ಲೂ ಇರಲಿಲ್ಲ.
ಕೊನೆಗೆ ಮೂಲೆಯಲ್ಲಿ ಒಂದು ಸಿಕ್ಕಿತು: ‘ದುರಸ್ತಿಯಲ್ಲಿದೆ’.
ಒತ್ತಿದೆ.
ಚೌಕ ಬೂದಿಬಣ್ಣಕ್ಕೆ ತಿರುಗಿತು.

ನಾಲ್ಕನೇ ವಾರ ಮೈಸೂರಿನಿಂದ ಮಾಲೀಕರು,
ಅವರ ಮೊಬೈಲಿನಲ್ಲೂ ಅದೇ ಬೂದಿ ಚೌಕ:
“ಏನಮ್ಮಾ, ಒಂದು ಕುರ್ಚಿಗೆ ತಿಂಗಳಾ? ಏನಾಗಿದೆ ಅದಕ್ಕೆ?”
“ಕಾಲು ಮುರಿದಿದೆ ಸಾರ್.”
“ಹೊಸದೇ ತರಿಸೋಣ್ವಾ?”
“ಬೇಡ ಸಾರ್, ಪ್ಲೇಟು, ಸ್ಕ್ರೂ ಹಾಕಿದ್ದಾರೆ. ಕೂಡಿಕೊಳ್ಳುತ್ತೆ.”
ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.
“ನೋಡ್ಕೊ,” ಅಂದು ಇಟ್ಟರು.
ಗೊತ್ತಾಯಿತೋ ಇಲ್ಲವೋ, ನಾನು ಕೆದಕಲು ಹೋಗಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಕೆಳಗೆ ಆಟೋ ನಿಂತಿತು.
ಲಿಫ್ಟ್ ಇಲ್ಲ. ನಲವತ್ತೆರಡು ಮೆಟ್ಟಿಲು,
ಅವು ಯಾವ ಪರದೆಯಲ್ಲೂ ಇಲ್ಲ.
ಹೊನ್ನಗಿರಿ ಒಂಬತ್ತನೇ ಕುರ್ಚಿಯನ್ನೇ ತಲೆಮೇಲೆ ಹೊತ್ತು ಇಳಿದ.
ಅಂಗಡಿಯ ಕೆಂಪೀರಯ್ಯ ಗ್ರೀಸಿನ ಕೈ ಒರೆಸಿ ಇನ್ನೊಂದು ಕಡೆ ಹಿಡಿದ.
ಕೋಲು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಆಯಿಷಾ,
“ನಿಧಾನ ಕಣಣ್ಣೋ, ನಿಧಾನ,”
ಕೆಳಗೆ ಐದು ಚಕ್ರಗಳು ಗಾಳಿಯಲ್ಲಿ ಸುಮ್ಮನೆ ತಿರುಗುತ್ತ.

ಅಷ್ಟು ಹೊತ್ತೂ ನನ್ನ ಮೇಜಿನ ಪರದೆಯಲ್ಲಿ
ಒಂಬತ್ತು ಇದ್ದ ಕಡೆಯೇ ಇತ್ತು,
ಒಂದಿಂಚೂ ಕದಲಿರಲಿಲ್ಲ.

‘ದುರಸ್ತಿ ಮುಗಿಯಿತು’ ಒತ್ತಿದೆ. ‘ವೆಚ್ಚ ನಮೂದಿಸಿ’ ಅಂತು.
ಸೊನ್ನೆ ಹಾಕಿದೆ, ಒಪ್ಪಲಿಲ್ಲ.
ಒಂದು ಹಾಕಿದೆ, ಒಪ್ಪಿತು.
ಡ್ರಾಯರಿನಿಂದ ಒಂದು ರೂಪಾಯಿ ತೆಗೆದು ಕೆಂಪೀರಯ್ಯನಿಗೆ ಕೊಟ್ಟೆ,
ಲೆಕ್ಕ ಲೆಕ್ಕವೇ.
ಆತ ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿ, ವೋಚರಿಗೆ ಸಹಿ ಹಾಕಿ,
ಮೆಟ್ಟಿಲಿಳಿದು ಹೋದ.

ಒಂಬತ್ತು ಕೆಂಪಾಯಿತು.
ಹೆಡ್‌ಫೋನ್ ಸರಿಸಿದ ಸದ್ದು.
“ಅಕ್ಕ, ಈ ಮಂತ್ರಿ ಇನ್ನೂ ಸತ್ತಿಲ್ಲ ಕಣಕ್ಕ.”